ಕಟ್ಟಡಕ್ಕೆ ಮುನ್ನ ನೆಲದ ಪರೀಕ್ಷೆ

ಕೈಗಾರಿಕಾ ನಿವೇಶನ ಕೈಸೇರಿದೊಡನೆ ಉದ್ಯಮಿಯ ಗಮನವು ಷೆಡ್ಡಿನ ನಕ್ಷೆ, ಯಂತ್ರಗಳ ಕೊಟೇಶನ್ ಹಾಗೂ ಬ್ಯಾಂಕ್ ಸಾಲದ ಕಡೆಗೆ ಹರಿಯುತ್ತದೆ. ಮಣ್ಣಿನ ಪರೀಕ್ಷೆಯು ಪಕ್ಕದ ಕಾರ್ಖಾನೆಯ ವರದಿಯ ಜೆರಾಕ್ಸ್ ಪ್ರತಿಯಲ್ಲಿಯೇ ಮುಗಿದುಹೋಗುವುದುಂಟು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಜಿಲ್ಲೆಗಳ ಎರೆಭೂಮಿಯಲ್ಲಿ ಈ ಉಳಿತಾಯವು ಬಹು ದುಬಾರಿಯಾದುದು.

ಎರೆಮಣ್ಣಿನ ಜೇಡಿಯಂಶವು ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಹಗುರವಾದ ಷೆಡ್ಡುಗಳೇ ಇದರಿಂದ ಹೆಚ್ಚು ಪೆಟ್ಟು ತಿನ್ನುತ್ತವೆ. ಉಬ್ಬುವ ನೆಲವನ್ನು ಅದುಮಿಡುವಷ್ಟು ಭಾರ ಅವುಗಳಿಗಿಲ್ಲ.

ಪರೀಕ್ಷಾ ಗುಂಡಿ ತೋಡಿ ಪದರಗಳನ್ನು ಕಣ್ಣಾರೆ ನೋಡುವುದು ಅಗ್ಗದ ವಿಧಾನ. ಆದರೆ ಅದರ ಆಳ ಸೀಮಿತ. ಅದಕ್ಕೂ ಕೆಳಗಿನ ಸ್ಥಿತಿ ತಿಳಿಯಲು ಬೋರ್ ಕೊರೆದು, 63.5 ಕಿಲೋಗ್ರಾಂ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ಮಾದರಿ ಕೊಳವೆಯು ಮೊದಲ 15 ಸೆಂ.ಮೀ. ಇಳಿದ ತರುವಾಯ ಮುಂದಿನ 30 ಸೆಂ.ಮೀ. ಇಳಿಯಲು ಬೇಕಾದ ಪೆಟ್ಟುಗಳನ್ನು ಎಣಿಸಲಾಗುತ್ತದೆ. ವರದಿಯಲ್ಲಿ ಕಾಣುವ 'ಎನ್' ಸಂಖ್ಯೆ ಇದೇ. ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದ ಎರೆಯಲ್ಲಿ ಈ ಸಂಖ್ಯೆ ಹೆಚ್ಚಾಗಿಯೇ ಬರುತ್ತದೆ. ಅದನ್ನು ಕಂಡು ನೆಮ್ಮದಿ ತಾಳುವುದು ಸಲ್ಲದು. ಪ್ರಯೋಗಾಲಯದಲ್ಲಿ ಮಾಡಿದ ಉಬ್ಬುವಿಕೆಯ ಪರೀಕ್ಷೆಯ ಫಲಿತಾಂಶವು ವರದಿಯಲ್ಲಿ ಇದೆಯೇ ಎಂಬುದನ್ನು ಮಾಲೀಕರೇ ವಿಚಾರಿಸತಕ್ಕದ್ದು.

ಕೆಲವರು ಫಲಕ ಭಾರ ಪರೀಕ್ಷೆಯೊಂದನ್ನೇ ಮಾಡಿಸಿ ತೃಪ್ತರಾಗುತ್ತಾರೆ. ಫಲಕದ ಅಗಲ 30ರಿಂದ 75 ಸೆಂ.ಮೀ.; ಅದರ ಒತ್ತಡವು ತಲುಪುವುದು ಅಗಲದ ಸುಮಾರು ಎರಡು ಪಟ್ಟು ಆಳಕ್ಕೆ ಮಾತ್ರ. ಅದರಡಿಯ ಮೆತ್ತನೆಯ ಪದರವು ಗೋಚರಿಸುವುದೇ ಇಲ್ಲ.

ಎಷ್ಟು ಬೋರ್ ಬೇಕು? ಭಾರತೀಯ ಮಾನಕ 1892ರ 1979ರ ಆವೃತ್ತಿಯು, ಸುಮಾರು 0.4 ಹೆಕ್ಟೇರ್, ಅಂದರೆ ಒಂದು ಎಕರೆಯಷ್ಟು ನಿವೇಶನದ ಒತ್ತಾದ ಕಟ್ಟಡಕ್ಕೆ ನಾಲ್ಕು ಮೂಲೆಗಳಲ್ಲಿ ಒಂದೊಂದು, ಮಧ್ಯದಲ್ಲೊಂದು ಎಂದು ಸೂಚಿಸಿತ್ತು. 2021ರಲ್ಲಿ ಈ ಮಾನಕವು ಪರಿಷ್ಕೃತವಾಗಿರುವುದರಿಂದ ಎಂಜಿನಿಯರರು ಯಾವ ಆವೃತ್ತಿಯನ್ನು ಅನುಸರಿಸಿದ್ದಾರೆಂದು ಕೇಳುವುದು ಲೇಸು. ಉಬ್ಬುವ ಮಣ್ಣು ಆಳವಾಗಿದ್ದಲ್ಲಿ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಅಂಡರ್-ರೀಮ್ಡ್ ಪೈಲ್‌ಗಳ ಸಲಹೆ ಬರಬಹುದು. ಈ ಖರ್ಚು ಸಾಲದ ಅರ್ಜಿಗೆ ಮೊದಲೇ ತಿಳಿದರೆ ಯೋಜನಾ ವೆಚ್ಚದಲ್ಲಿ ಸೇರಿಸಲು ಸಾಧ್ಯ. ತಳಪಾಯ ತೋಡಿದ ಮೇಲೆ ತಿಳಿದರೆ ದುಡಿಯುವ ಬಂಡವಾಳವೇ ಅದಕ್ಕೆ ಕರಗುತ್ತದೆ.

ಲೆಕ್ಕಪತ್ರದಲ್ಲಿ, ಕಟ್ಟಡ ಮೇಲೆದ್ದಲ್ಲಿ ಪರೀಕ್ಷಾ ಶುಲ್ಕವು ಅದರ ಮೂಲ ವೆಚ್ಚಕ್ಕೆ ಸೇರುತ್ತದೆ. ನಿವೇಶನವನ್ನೇ ಕೈಬಿಟ್ಟಲ್ಲಿ ಲಾಭ-ನಷ್ಟ ಖಾತೆಗೆ ಹೋಗುತ್ತದೆ. ಗೋಡೆ ಬಿರಿದರೆ ವಿಮೆ ಇದೆಯಲ್ಲ ಎಂಬ ಭಾವನೆಯೂ ವರ್ತಕರಲ್ಲಿದೆ. ಬೆಂಕಿ ವಿಮಾ ಪಾಲಿಸಿಯ ಭೂಕುಸಿತದ ಕಲಮನ್ನು ಓದಿದರೆ, ಹೊಸ ಕಟ್ಟಡದ ಸಾಮಾನ್ಯ ಬಿರುಕು ಹಾಗೂ ಕುಸಿತ, ತುಂಬುಮಣ್ಣಿನ ಜಗ್ಗುವಿಕೆ, ದೋಷಯುಕ್ತ ವಿನ್ಯಾಸ ಇವೆಲ್ಲವನ್ನೂ ಹೊರಗಿಟ್ಟಿರುವುದು ಕಾಣುತ್ತದೆ.