ಪಿಕಪ್‌ನಲ್ಲಿ ಆಕಳು: ತಿರುವಿನಲ್ಲಿ ಎಚ್ಚರ

ಅಕ್ಕಂದಿರೇ, ಮಲಪ್ರಭಾ ದಂಡೆಯ ಶಿವಯೋಗ ಮಂದಿರದ ಸುತ್ತಲಿನ ಊರುಗಳಿಗೆ ಕೊಂಡ ಆಕಳು ಬರುವುದು ಈಗ ಹೆಚ್ಚಾಗಿ ಪಿಕಪ್ ಗಾಡಿಯಲ್ಲಿ. ಆ ಗಾಡಿಯ ಗುಣ ತಿಳಿಯಲು ಅದನ್ನು ಹಳೆಯ ಸ್ಪೋರ್ಟ್ಸ್ ಕಾರೊಂದಕ್ಕೆ ಹೋಲಿಸಿ ನೋಡೋಣ.

1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಕಾರಿನ ಎತ್ತರ ಸುಮಾರು 4 ಅಡಿ ಮಾತ್ರ. ಭಾರವೆಲ್ಲ ನೆಲದ ಹತ್ತಿರ ಇರುವುದರಿಂದ ವೇಗದಲ್ಲೂ ಅದು ತಿರುವಿನಲ್ಲಿ ವಾಲುವುದು ಕಡಿಮೆ. ಪಿಕಪ್ ಹೇರು ಹೊರಲು ಮಾಡಿದ್ದು. ಅದರ ತಳವೇ ಎತ್ತರ; ಅದರ ಮೇಲೆ 400 ಕಿಲೋ ತೂಗುವ ಆಕಳು ನಿಂತಿರುತ್ತದೆ. ಜೋರಾಗಿ ತಿರುಗಿಸಿದರೆ ಆಕಳು ಮಗ್ಗುಲಿಗೆ ಬೀಳುತ್ತದೆ, ಗಾಡಿಯೂ ವಾಲುತ್ತದೆ. ಹಿಂದಿನ ಪಾಟಾ ಸ್ಪ್ರಿಂಗ್ ಟನ್ನಿಗೂ ಮೀರಿದ ಭಾರಕ್ಕೆಂದು ಇರುವುದರಿಂದ, ಒಂದೇ ಆಕಳಿದ್ದಾಗ ಅದು ಬಗ್ಗದೆ ಕುಕ್ಕುತ್ತದೆ.

ಬಿದ್ದ ಆಕಳಿನ ಕಾಲು ಮುರಿದರೆ ಸಾಲ ಉಳಿಯುತ್ತದೆ, ಹಾಲು ಉಳಿಯುವುದಿಲ್ಲ. ಗಬ್ಬದ ಆಕಳಾದರೆ ಕಂದು ಹಾಕುವ ಭಯ.

ಆದ್ದರಿಂದ ತಳಕ್ಕೆ ಉಸುಕು ಹರಡಿ ಹುಲ್ಲು ಹಾಸಿ. ಗಾಡಿಯನ್ನು ದಿಬ್ಬಕ್ಕೆ ಹೊಂದಿಸಿ ನಿಲ್ಲಿಸಿಯೇ ಆಕಳನ್ನು ಹತ್ತಿಸಿ, ಇಳಿಸಿ. ಮುಖ ಎಂಜಿನ್ ಕಡೆಗಿರಲಿ. ತುಂಬು ಗಬ್ಬದ ಆಕಳನ್ನು ಸಾಗಿಸಬೇಡಿ. ಚಾಲಕರಿಗೆ "ಅಣ್ಣಾ, ತಿರುವಿನ್ಯಾಗ ಸಾವಕಾಶ ಹೋಗ್ರಿ" ಎನ್ನಲು ಸಂಕೋಚ ಬೇಡ. ಬಾಡಿಗೆ ಕೊಡುವವರು ನೀವೇ.