ಹಬೆಯ ಪರೀಕ್ಷೆಗೆ ನಿಲ್ಲುವ ಪಾರದರ್ಶಕ ಪ್ಲಾಸ್ಟಿಕ್ಕುಗಳು

ಪಾರವನ್ನು, ಎಂದರೆ ಆಚೆಯ ದಡವನ್ನು ಕಾಣಿಸುವುದು ಪಾರದರ್ಶಕ. ಗಾಜಿಗೆ ಈ ಗುಣ ಸಹಜವಾದದ್ದು. ಹಬೆಯಲ್ಲಿ ಬೇಯಿಸಿದರೂ ಅದು ಕೆಡದು, ಆದರೆ ಕೈಜಾರಿದರೆ ಉಳಿಯದು. ಪ್ಲಾಸ್ಟಿಕ್ಕಿನ ಸ್ವಭಾವ ಇದಕ್ಕೆ ವಿಪರೀತ. ತಿಳಿಯಾಗಿ ತೋರುವುದೆಲ್ಲ ಒಂದೇ ಜಾತಿಯದೆಂದು ಬಗೆದು ಪ್ರಯೋಗಶಾಲೆಗೋ ಆಸ್ಪತ್ರೆಗೋ ಪಾತ್ರೆಗಳನ್ನು ಕೊಳ್ಳುವವರೂ ದಾನವಾಗಿ ಕೊಡುವವರೂ ಈ ವಿಷಯವನ್ನು ಕೊಂಚ ಅರಿತಿರುವುದು ಲೇಸು.

ಕುದಿನೀರು ಸಾಲದೆ ಎಂದು ಕೇಳಬಹುದು. ಸಾಲದು. ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು 100 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿಯೂ ಬದುಕುಳಿಯುತ್ತವೆ. ಆದಕಾರಣವೇ ಪಾಸ್ತರನ ಸಹೋದ್ಯೋಗಿ ಷಾರ್ಲ್ ಷಾಂಬರ್ಲಾನನು 1879ರಲ್ಲಿ ಆಟೋಕ್ಲೇವನ್ನು ರಚಿಸಿದನು. ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರು ಇದರ ದಾಯಾದಿಯೇ ಸರಿ. ಚದರ ಅಂಗುಲಕ್ಕೆ 15 ಪೌಂಡಿನ ಅಧಿಕ ಒತ್ತಡದಲ್ಲಿ ಹಬೆ 121 ಡಿಗ್ರಿಗೆ ಏರುತ್ತದೆ. ಆ ಉಷ್ಣತೆಯಲ್ಲಿ 15 ನಿಮಿಷ ಇಡುವುದು ವಾಡಿಕೆ. ಆಸ್ಪತ್ರೆಗಳಲ್ಲಿ 134 ಡಿಗ್ರಿ, 3 ನಿಮಿಷಗಳ ಕ್ರಮವೂ ಉಂಟು.

ಪಾಲಿಸ್ಟೈರೀನ್ ಮತ್ತು ಆಕ್ರಿಲಿಕ್ ಸ್ಫಟಿಕದಂತೆ ತಿಳಿಯಾಗಿದ್ದರೂ 100-105 ಡಿಗ್ರಿಯ ಸುಮಾರಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತವೆ. ಪಾಲಿಪ್ರೊಪಿಲೀನ್ ಹಬೆಗೆ ಬೆದರದು, ಆದರೆ ಮಸುಕು.

ಇನ್ನು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಷ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಇವರಿಬ್ಬರೂ ಪ್ರತ್ಯೇಕವಾಗಿ ಇದನ್ನು ಪಡೆದರು. ಸುತ್ತಿಗೆಯ ಪೆಟ್ಟಿಗೂ ಅಂಜದ ಈ ವಸ್ತು ಮೆತ್ತಗಾಗುವುದು 147 ಡಿಗ್ರಿಯ ಸುಮಾರಿನಲ್ಲಿ. ಲೆಕ್ಕದಂತೆ 121 ಡಿಗ್ರಿಯ ಹಬೆಯನ್ನು ಇದು ನಿರಾಯಾಸವಾಗಿ ಸಹಿಸಬೇಕು. ಮೊದಮೊದಲು ಸಹಿಸುವುದೂ ನಿಜ. ಆದರೆ ಇಲ್ಲಿ ವೈರಿ ಉಷ್ಣವೊಂದೇ ಅಲ್ಲ, ನೀರು ಕೂಡ. ಅಣುಸರಪಳಿಯ ಕಾರ್ಬೊನೇಟ್ ಕೊಂಡಿಗಳನ್ನು ಬಿಸಿಯ ನೀರಾವಿ ಒಂದೊಂದಾಗಿ ಕಡಿಯುತ್ತದೆ. ಇದಕ್ಕೆ ಜಲವಿಭಜನೆಯೆಂದು ಹೆಸರು. ತೊಳೆದ ಮೇಲೆ ಕ್ಷಾರದ ಸಾಬೂನು ಉಳಿದಿದ್ದರೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಪಾತ್ರೆ ಬಹುಕಾಲ ತಿಳಿಯಾಗಿಯೇ ಕಾಣುತ್ತಿದ್ದು, ಬಳಿಕ ಕೂದಲೆಳೆಯಂಥ ಬಿರುಕುಗಳು ಮೂಡಿ, ಒಂದು ದಿನ ಸಣ್ಣ ಪೆಟ್ಟಿಗೇ ಸೀಳುತ್ತದೆ. ಒಳಗೆ ರಕ್ತವೋ ಔಷಧವೋ ಇದ್ದಾಗ ಹೀಗಾದರೆ ಅನರ್ಥವನ್ನು ಹೇಳತೀರದು. ಕಡಿದ ಕೊಂಡಿಗಳಿಂದ ಬಿಸ್‌ಫಿನಾಲ್-ಎ ಎಂಬ ದ್ರವ್ಯವೂ ಹೊರಬೀಳುತ್ತದೆ. ಐರೋಪ್ಯ ಒಕ್ಕೂಟವು 2011ರಲ್ಲಿ ಶಿಶುಗಳ ಹಾಲಿನ ಬಾಟಲಿಗಳಲ್ಲಿ ಇದನ್ನು ನಿಷೇಧಿಸಿತು. ಆದುದರಿಂದ ವರ್ತಕನು "ಹಬೆಗೆ ಯೋಗ್ಯ" ಎಂದಾಗ "ಎಷ್ಟು ಬಾರಿ?" ಎಂದು ಕೇಳುವುದೇ ಜಾಣತನ.

ಈ ಪ್ರಶ್ನೆಗೆ ದಿಟ್ಟ ಉತ್ತರ ಕೊಡಬಲ್ಲವು ಸಲ್ಫೋನ್ ವರ್ಗದವು. ಭೋಪಾಲದ 1984ರ ದುರಂತದಿಂದ ನಮಗೆ ಕಹಿಯಾದ ಯೂನಿಯನ್ ಕಾರ್ಬೈಡ್ ಸಂಸ್ಥೆಯೇ 1965ರಲ್ಲಿ ಪಾಲಿಸಲ್ಫೋನನ್ನು ಮಾರುಕಟ್ಟೆಗೆ ತಂದಿತೆಂಬುದು ವಿಚಿತ್ರ. ಇದು ಮೆತ್ತಗಾಗುವುದು 185 ಡಿಗ್ರಿಯ ಮೇಲೆ. ಇದರ ಕೊಂಡಿಗಳನ್ನು ನೀರು ಕಡಿಯಲಾರದು. ಇದರ ಬಂಧುವಾದ ಪಾಲಿಫಿನೈಲ್‌ಸಲ್ಫೋನ್ 220 ಡಿಗ್ರಿಯವರೆಗೆ ಬಿಗಿಯಾಗಿದ್ದು, ಸಾವಿರಕ್ಕೂ ಮಿಕ್ಕಿ ಬಾರಿ ಹಬೆಯಲ್ಲಿ ಬೆಂದರೂ ಬಲಗುಂದದು. ಶಸ್ತ್ರಚಿಕಿತ್ಸೆಯ ಉಪಕರಣಗಳ ತಟ್ಟೆಗಳಿಗೆ ಅದು ಹೇಳಿಮಾಡಿಸಿದ್ದು. ಕುಂದುಗಳೂ ಇವೆ: ತೆಳುಜೇನಿನ ಬಣ್ಣ, ಹಲವು ಪಟ್ಟು ಬೆಲೆ, ಅಸಿಟೋನ್ ಸೋಕಿದರೆ ಪಾಲಿಸಲ್ಫೋನಿಗೆ ಬಿರುಕು.

ಪಾಲಿಮೀಥೈಲ್‌ಪೆಂಟೀನ್ ಎಂಬುದು ಇನ್ನೊಂದು ಸೋಜಿಗ. ಹರಳುಗಟ್ಟುವ ಪ್ಲಾಸ್ಟಿಕ್ಕುಗಳು ಸಾಮಾನ್ಯವಾಗಿ ಮಸುಕು. ಹರಳಾದ ಭಾಗಕ್ಕೂ ಆಗದ ಭಾಗಕ್ಕೂ ಸಾಂದ್ರತೆ ಬೇರೆಯಾಗಿ ಬೆಳಕು ಚೆದರುತ್ತದೆ. ಇದರಲ್ಲಿ ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೋಟ ತಿಳಿ. ಸಾಂದ್ರತೆ 0.83, ನೀರಿನಲ್ಲಿ ತೇಲುವಷ್ಟು ಹಗುರ. ಕರಗುವುದು 230 ಡಿಗ್ರಿಯ ಸುಮಾರಿನಲ್ಲಿ. ಆದರೆ ಪೆಟ್ಟಿಗೆ ಅಷ್ಟು ಗಟ್ಟಿಯಲ್ಲ.

ಯಾವುದೇ ಜಾತಿಯ ಬಾಟಲಿಯಾಗಲಿ, ಆಟೋಕ್ಲೇವಿಗೆ ಇಡುವಾಗ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿರಬಾರದು. ತಣಿಯುವಾಗ ಒಳಗಿನ ಒತ್ತಡ ಕುಸಿದು ಬಾಟಲಿ ಒಳಕ್ಕೆ ಜಗ್ಗುತ್ತದೆ.