ಸೋಯಾ ಅವರೆ: ಒಂದೇ ನೀರಿದ್ದರೆ ಯಾವಾಗ ಕೊಡಬೇಕು?

ಬೀದರ, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಸೋಯಾ ಅವರೆಯನ್ನು ಬಹುಮಟ್ಟಿಗೆ ಮುಂಗಾರು ಮಳೆಯನ್ನೇ ನಂಬಿ ಬೆಳೆಯುತ್ತಾರೆ. 2023ರ ಆಗಸ್ಟ್ ತಿಂಗಳಲ್ಲಿ ದೇಶದಲ್ಲಿ ಬಿದ್ದ ಮಳೆ 1901ರಿಂದೀಚಿನ ಆಗಸ್ಟ್‌ಗಳಲ್ಲೆಲ್ಲ ಅತಿ ಕಡಿಮೆಯದು. ಅಂಥ ವರ್ಷ ಹೊಂಡದಲ್ಲಿ ಒಂದು ಸಲಕ್ಕೆ ಸಾಲುವಷ್ಟೇ ನೀರಿರುವ ರೈತನು ಅದನ್ನು ಎಂದು ಹಾಯಿಸಬೇಕು?

ಬಿತ್ತಿದ ಬೀಜವು ತನ್ನ ತೂಕದ ಸುಮಾರು ಅರ್ಧದಷ್ಟು ನೀರನ್ನು ಹೀರಿಕೊಂಡರೆ ಮಾತ್ರ ಮೊಳೆಯುತ್ತದೆ. ಅರೆಬರೆ ಹದದಲ್ಲಿ ಬಿತ್ತಿದರೆ ಬೀಜ ಉಬ್ಬಿ ಅಲ್ಲಿಯೇ ಕೆಡುತ್ತದೆ. ಆದ್ದರಿಂದ ಭೂಮಿ ಚೆನ್ನಾಗಿ ನೆನೆಯುವವರೆಗೆ ಕಾಯುವುದು ಲೇಸು.

ಮೂರು-ನಾಲ್ಕು ವಾರಗಳ ಪೈರು ಮಧ್ಯಾಹ್ನ ಬಾಡಿ, ಎಲೆ ಮಗುಚಿ, ಬಿಳಿಚಿದ ಕೆಳಮೈ ತೋರಿಸಿದಾಗ ರೈತನ ಜೀವ ತಡೆಯುವುದಿಲ್ಲ. ಕೂಡಲೇ ಹೊಂಡ ಬರಿದು ಮಾಡುತ್ತಾನೆ. ಇದು ಅವಸರ. ಈ ಹಂತದ ಕೊರತೆಯಿಂದ ಗಿಡ ಗಿಡ್ಡವಾಗುತ್ತದೆ, ಎಲೆ ಸಣ್ಣದಾಗುತ್ತದೆ, ನಿಜ. ಆದರೆ ಮುಂದೆ ಮಳೆ ಬಂದರೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ, ಕಳೆ ತೆಗೆದರೆ ಸದ್ಯಕ್ಕೆ ಸಾಕು.

ಹೂ ಬಿಡುವಾಗ ಕೊರತೆಯಾದರೆ ಹೂ ಉದುರುತ್ತವೆ. ಆದರೆ ಹೂ ಬಿಡುವುದು ಹಲವು ದಿನ ನಡೆಯುವುದರಿಂದ, ನಂತರದ ಹೂಗಳು ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುತ್ತವೆ.

ಕಾಯಿ ಬಲಿಯುವ, ಕಾಳು ತುಂಬುವ ಹಂತದಲ್ಲಿ ಈ ಅವಕಾಶವಿಲ್ಲ. ಹೊಸ ಹೂ ಬರುವುದು ನಿಂತಿರುತ್ತದೆ. ನೀರಿಲ್ಲದ ಗಿಡ ಎಳೆ ಕಾಯಿಗಳನ್ನು ಉದುರಿಸುತ್ತದೆ, ಉಳಿದವುಗಳಲ್ಲಿ ಕಾಳು ಸಣ್ಣದಾಗಿ ಸುಕ್ಕುತ್ತದೆ. ಬೇರುಗಂಟುಗಳು ಸಾರಜನಕ ಕೊಡುವುದು ಕುಗ್ಗಿ, ಎಲೆ ಬೇಗ ಹಳದಿಯಾಗಿ ಬೆಳೆ ಅಕಾಲದಲ್ಲಿ ಮಾಗುತ್ತದೆ. ಇಳುವರಿಗೆ ಅತಿ ದೊಡ್ಡ ಪೆಟ್ಟು ಬೀಳುವುದು ಇಲ್ಲಿಯೇ.

ಹಂತವನ್ನು ತಿಳಿಯಲು ದಿನ ಎಣಿಸುವುದಕ್ಕಿಂತ ಕಾಯಿ ಬಿಡಿಸಿ ನೋಡುವುದು ಮೇಲು. ಗಿಡದ ತುದಿಯ ನಾಲ್ಕು ಗೆಣ್ಣುಗಳ ಪೈಕಿ ಒಂದರ ಕಾಯಿಯಲ್ಲಿ ಕಾಳು 3 ಮಿಲಿಮೀಟರ್, ಅಂದರೆ ಜೋಳದ ಕಾಳಿಗಿಂತ ತುಸು ಚಿಕ್ಕದು, ಆಗಿದ್ದರೆ ಕಾಳು ತುಂಬಲು ಮೊದಲಾಗಿದೆ ಎಂದು ತಿಳಿಯಬೇಕು. ಆಗ ಮಳೆ ಇಲ್ಲದಿದ್ದರೆ ತಡಮಾಡದೆ ನೀರು ಕೊಡಬೇಕು.

ಒಂದು ಎಕರೆಗೆ 5 ಸೆಂಟಿಮೀಟರ್ ನೀರು ಎಂದರೆ ಸುಮಾರು 2 ಲಕ್ಷ ಲೀಟರ್. ಅಷ್ಟು ಇಲ್ಲದಿದ್ದರೆ ಸಾಲು ಬಿಟ್ಟು ಸಾಲು ಹಾಯಿಸಬಹುದು, ತುಂತುರು ಪೈಪು ಇದ್ದವರು ಅದನ್ನು ಬಳಸಬಹುದು. ಎರೆ ಭೂಮಿಯಲ್ಲಿ ನೀರು ನಿಲ್ಲಗೊಡಬಾರದು, ಗಾಳಿಯಾಡದೆ ಬೇರುಗಂಟುಗಳು ಸೊರಗುತ್ತವೆ. ಕಾಯಿ ಬಣ್ಣ ತಿರುಗಿದ ಮೇಲೆ ಹಾಯಿಸಿದ ನೀರಿನಿಂದ ಕಾಳಿನ ತೂಕ ಹೆಚ್ಚುವುದಿಲ್ಲ.